ಹೊಸ ನೀರಿನ ಕಲ್ಲು

ಅಂಬಪ್ಪನಿಗೆ ನೀರಿನ ಅಂಜಿಕೆ ಹತ್ತಿ ಎರಡು ವರ್ಷವಾಗಿತ್ತು. ಅಂಬಿಗರ ಮನೆಯಲ್ಲಿ ಹುಟ್ಟಿದವನು ನೀರಿಗೆ ಅಂಜುತ್ತಾನೆ ಎಂದರೆ ಕುಂಬಾರ ಮಣ್ಣಿಗೆ ಅಂಜಿದ ಹಾಗೆ. ಕೇಳಿದವರು ನಗುತ್ತಾರೆ. ಅದಕ್ಕೇ ಅವನು ಯಾರ ಮುಂದೆಯೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹರಗೋಲು ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಮೊಣಕಾಲು ನೋವೆನ್ನುತ್ತಿದ್ದ.

ಅವನ ಹಿರಿಯರು ಲಿಂಗಸುಗೂರು ಸೀಮೆಯ ಕೃಷ್ಣೆಯ ದಂಡೆಯವರು. ಹೊಳೆಗೆ ಸೇತುವೆಯಾಗಿ ಜನ ಹರಗೋಲು ಹತ್ತುವುದನ್ನು ಬಿಟ್ಟ ಮೇಲೆ ಅಂಬಪ್ಪ ಹೆಂಡತಿ ಗದ್ದೆಮ್ಮನನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು ಸಿಂಧನೂರಿನ ಕಡೆಗೆ ಬಂದು ಗೊರೇಬಾಳದಲ್ಲಿ ನೆಲೆ ನಿಂತ. ಮಸ್ಕಿಯ ದಾರಿಯಲ್ಲಿ ಕಾಲುವೆಯ ನೀರು ಬಂದು ತುಂಬುವ ಹಿರೇದಿನ್ನಿ ಕೆರೆಯಲ್ಲಿ ಬಲೆ ಹಾಕಿ ಸಂಸಾರ ನಡೆಸಿದ. ಆ ಕೆರೆಯೇ ಅವನ ಮಗ ಮಲ್ಲೇಶನನ್ನು ತೆಗೆದುಕೊಂಡಿತು. ತನ್ನದೇ ಬಲೆ ಕಾಲಿಗೆ ಸುತ್ತಿ, ಮೀನಿನಂತೆ ಈಜುವ ಹುಡುಗ ಆಳುದ್ದ ನೀರಿನಲ್ಲಿ ಹೋಗಿಬಿಟ್ಟ. ಮೂರನೆಯ ದಿನ ಮೇಲೆ ಬಂದ. ಅವನನ್ನು ದಂಡೆಗೆ ತಂದದ್ದು ಅಂಬಪ್ಪನೇ. ಅಂದು ಹರಗೋಲಿನಿಂದ ಇಳಿದವನು ಮತ್ತೆ ಹತ್ತಲಿಲ್ಲ. ಅದನ್ನು ಕೆರೆಯ ಜೊಂಡು ಕೊಯ್ಯುವ ಜಂಗ್ಲಿಸಾಬನಿಗೆ ಕೊಟ್ಟು, ಜವಳಗೇರಾದ ಒಂದು ಅಕ್ಕಿ ಗಿರಣಿಯಲ್ಲಿ ಕಾವಲುಗಾರನಾದ. ಅಲ್ಲಿ ಕೊಡದ ನೀರು ಬಿಟ್ಟರೆ ಬೇರೆ ನೀರಿರಲಿಲ್ಲ.

ಆದರೆ ಮಗಳು ಭಾರತಿ ನೀರನ್ನು ಬಿಡಲಿಲ್ಲ. ಅಣ್ಣ ತೀರಿಕೊಂಡ ವರ್ಷವೇ ಎಲ್ಲಿಯೋ ಮೂರು ತಿಂಗಳ ತರಬೇತಿಗೆ ಹೋಗಿ ಕಯಾಕ್ ಎಂಬ ದೋಣಿ ನಡೆಸುವುದನ್ನು ಕಲಿತು ಬಂದಳು. ಸಿಂಧನೂರಿನಲ್ಲಿ ಗಾಳದ ಸಾಮಾನಿನ ಅಂಗಡಿ ಇಟ್ಟಿದ್ದ ಹುಸೇನಬಾಷಾ ಎರಡು ಕಯಾಕ್ ತರಿಸಿದ. ಉದ್ದಕ್ಕೆ, ಸಣ್ಣಕ್ಕೆ, ಹಳದಿ ಬಣ್ಣದ ಪ್ಲಾಸ್ಟಿಕ್ಕಿನವು. ಅಂಬಪ್ಪ ಅವನ್ನು ಸೌತೆಕಾಯಿ ಎನ್ನುತ್ತಿದ್ದ. ಹಿಂದಿನ ದೊಡ್ಡ ಮಳೆಯಲ್ಲಿ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಮೀನಿನ ಹೊಂಡಗಳು ಒಡೆದು ರೂಪಚಂದ್ ಎಂಬ ಪರದೇಶಿ ಮೀನು ಹಿರೇದಿನ್ನಿಗೆ ಸೇರಿ, ಅಲ್ಲಿಯೇ ಬೆಳೆದು ತೊಟ್ಟಿಲಷ್ಟಾಗಿತ್ತು. ಹೊಟ್ಟೆ ಕೆಂಪು, ಹಲ್ಲು ಮಾತ್ರ ಥೇಟ್ ಮನುಷ್ಯನ ಹಲ್ಲು. ಅದನ್ನು ಗಾಳ ಹಾಕಿ ಹಿಡಿದು, ಫೋಟೋ ತೆಗೆಸಿಕೊಳ್ಳಬೇಕೆಂದು ರಾಯಚೂರು, ಬಳ್ಳಾರಿಗಳಿಂದ ಜನ ಭಾನುವಾರಕ್ಕೆ ಬರತೊಡಗಿದರು. ಬಂದವರನ್ನು ದೋಣಿಯ ಮುಂದೆ ಕೂರಿಸಿ, ತಾನು ಹಿಂದೆ ಕೂತು ಹುಟ್ಟು ಹಾಕುತ್ತ, ಮೀನು ಎಲ್ಲಿರುತ್ತದೆ, ಗಾಳ ಹೇಗೆ ಬಿಡಬೇಕು ಎಂದು ತೋರಿಸುವುದು ಭಾರತಿಯ ಕೆಲಸ.

ಪ್ರತಿ ಭಾನುವಾರ ಅಂಬಪ್ಪ ಗಿರಣಿಯ ಬಾಗಿಲಲ್ಲಿ ಕುಳಿತು ಗಡಿಯಾರ ನೋಡುತ್ತಿದ್ದ. ಹನ್ನೊಂದಕ್ಕೆ ಅವಳ ಫೋನು ಬರುವವರೆಗೂ ಅವನ ಬಾಯಲ್ಲಿ ಉಗುಳು ಹುಟ್ಟುತ್ತಿರಲಿಲ್ಲ.

ಆಷಾಢದಲ್ಲಿ ಕಾಲುವೆಗೆ ಹೊಸ ನೀರು ಬಿಟ್ಟ ಸುದ್ದಿ ಬಂತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹಿರೇದಿನ್ನಿಯ ಗೇಟು ಎತ್ತುತ್ತಾರೆ. ಹೊಸ ನೀರು ಕೆರೆಗೆ ಬೀಳುವ ಬಾಯಿಗೆ ಮೀನು ಮುತ್ತುತ್ತದೆ, ದೊಡ್ಡದು ಸಿಗುವುದು ಅಂದೇ ಎಂದು ಹುಸೇನಬಾಷಾ ಮೊಬೈಲಿನಲ್ಲಿ ಹಾಕಿದ್ದ. ಲಿಂಗಸುಗೂರಿನಿಂದ ವೀರೇಂದ್ರ ಎಂಬ ಲೆಕ್ಚರರ್ ಅಂದೇ ಬರುತ್ತೇನೆಂದ. ಮಲ್ಲೇಶ ಹೋದದ್ದೂ ಅದೇ ಬಾಯಿಯ ಹತ್ತಿರ. ಅಂಬಪ್ಪ ಗಿರಣಿಗೆ ರಜೆ ಹೇಳಿದ.

"ನೀ ಯಾಕ ಬರ್ತಿ ಯಪ್ಪಾ? ಮೊಣಕಾಲು ನೋವು ಅಂತಿ," ಎಂದಳು ಭಾರತಿ, ತಲೆ ಬಾಚಿಕೊಳ್ಳುತ್ತ.

"ಮೊನ್ನೆ ಮಸ್ಕಿ ಮಲ್ಲಯ್ಯನ ಗುಡ್ಡ ಹತ್ತಿ ಇಳದಾನ, ಎಲ್ಲೂ ಕುಂತಿಲ್ಲ," ಎಂದಳು ಗದ್ದೆಮ್ಮ ಒಲೆಯ ಮುಂದಿನಿಂದ. "ಆ ಮೊಣಕಾಲು ನೀರು ಕಂಡರಷ್ಟ ನೋಯ್ತದ."

ಅಂಬಪ್ಪ ಕೇಳದವನಂತೆ ಎದ್ದ. ದೇವರ ಮೂಲೆಗೆ ಹೋಗಿ ಕಲ್ಲನ್ನು ಎತ್ತಿಕೊಂಡು ಬಂದ. ಅದು ಅವನ ಅಜ್ಜ ಕೃಷ್ಣೆಯಿಂದ ತೆಗೆದು ತಂದ ಕರಿಯ ಕಲ್ಲು. ನಡುವೆ ತೂತು, ತೂತಿಗೆ ಹಗ್ಗ. ಮೂರು ತಲೆಮಾರು ಹರಗೋಲನ್ನು ಹೊಳೆಯಲ್ಲಿ ನಿಲ್ಲಿಸಲು ನೀರಿಗೆ ಬಿಟ್ಟದ್ದು ಆ ಕಲ್ಲನ್ನೇ. ಕೆಲಸವಿಲ್ಲದ ದಿನಗಳಲ್ಲಿ ಅದು ಗಂಗವ್ವ. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮೂಲೆಯಲ್ಲಿ ಕೂತಿರುತ್ತಿತ್ತು. ಹೊಸ ನೀರಿನ ದಿನ ಅವರ ಮನೆಯ ದೋಣಿ ಆ ಕಲ್ಲಿಲ್ಲದೆ ನೀರಿಗೆ ಇಳಿಯುವಂತಿಲ್ಲ. ಮಲ್ಲೇಶ ತಾನು ಮುಳುಗಿದ ದಿನ ಅವಸರದಲ್ಲಿ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಆ ಮಾತನ್ನು ಅಂಬಪ್ಪ ಎರಡು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ.

"ಯಪ್ಪಾ, ಅದು ಹರಗೋಲಲ್ಲ," ಎಂದಳು ಭಾರತಿ. "ಹತ್ತು ಕಿಲೋ ಕಲ್ಲು ಇಟ್ಟರ ದೋಣಿ ವಾಲತದ."

"ಒಯ್ಯವ್ವ. ನನ್ನ ಸಲುವಾಗಿ ಒಯ್ಯಿ. ನಾ ಮತ್ತೇನೂ ಕೇಳೂದಿಲ್ಲ."

ಅವಳು ತಂದೆಯ ಮುಖ ನೋಡಿದಳು. ನೋಡಿ, "ಆತು," ಎಂದಳು. "ಆದ್ರ ಹಿಂದಿನ ಗೂಡಿನ್ಯಾಗ ಇಡೂದು. ನೀರಿಗೆ ಬಿಡಂಗಿಲ್ಲ."

ಕೆರೆಯ ಏರಿಯ ಮೇಲೆ ಹುಸೇನಬಾಷಾ ಆಗಲೇ ಬಂದು, ತನ್ನ ಗೂಡ್ಸ್ ಆಟೋದಿಂದ ಕಯಾಕ್ ಇಳಿಸಿ ನಿಂತಿದ್ದ. ಮೈ ತುಂಬಿದ ಮನುಷ್ಯ, ಬಾಯಿ ಅದಕ್ಕಿಂತ ತುಂಬಿದ್ದು.

"ಕಾಕಾ! ಬಂದ್ಯಾ! ಎರಡು ವರ್ಷ ಆತು ಈ ಏರಿ ಮ್ಯಾಲ ನಿನ್ನ ಮಾರಿ ಕಂಡು. ಬಾ, ಈ ಸರ್‌ಗೆ ಹೇಳು, ರೂಪಚಂದ್ ಕಚ್ಚತದೋ ಇಲ್ಲೋ. ಗಾಡಿ ಇಳದಾಗಿಂದ ಹತ್ತು ಸಲ ಕೇಳ್ಯಾರ."

"ಹಲ್ಲು ಮನುಷ್ಯನಂಗ ಅದಾವಂತ ಕೇಳೀನ್ರಿ, ಅದಕ್ಕ," ಎಂದ ವೀರೇಂದ್ರ ನಗುತ್ತ. ನಲವತ್ತರ ಆಸುಪಾಸಿನವನು. ಹೊಸ ಟೋಪಿ, ಹೊಸ ಗಾಳದ ಕೋಲು. "ನಮ್ಮ ಪ್ರಿನ್ಸಿಪಾಲರ ಹಲ್ಲಿಗಿಂತ ಛಲೋ ಅದಾವಂತ."

"ಕಚ್ಚಂಗಿಲ್ರಿ ಸಾಹೇಬ್ರ," ಎಂದ ಅಂಬಪ್ಪ. ಅವನ ಕಣ್ಣು ನೀರಿನ ಮೇಲಿತ್ತು. ಬೇಸಿಗೆಯಲ್ಲಿ ಇಳಿದ ಕೆರೆ ಸುಮ್ಮನೆ ಮಲಗಿತ್ತು, ಮೇಲೆ ಒಂದು ಗೆರೆಯಿಲ್ಲ. ಎಡಗಡೆ, ಕಲ್ಲು ಕಟ್ಟಿದ ಇಳಿಜಾರು ಗೇಟಿನಿಂದ ಕೆರೆಗೆ ಇಳಿದಿತ್ತು. ಅದಿನ್ನೂ ಒಣಗಿತ್ತು. ಅಲ್ಲಿ ನಿಂತು ಅವನು ಮೂರು ದಿನ ನೀರು ನೋಡಿದ್ದ.

ಭಾರತಿ ವೀರೇಂದ್ರನಿಗೆ ಲೈಫ್ ಜಾಕೆಟ್ ತೊಡಿಸಿ, ಪಟ್ಟಿ ಬಿಗಿದು, ತಾನೂ ಒಂದು ತೊಟ್ಟು, ಪ್ರತಿ ಸಲವೂ ಹೇಳುವ ಮಾತು ಹೇಳಿದಳು. ಬಿದ್ದರೆ ಅಂಜಬೇಡಿ, ಬೆನ್ನ ಮೇಲೆ ತೇಲಿ, ಕಾಲು ಮುಂದಕ್ಕಿರಲಿ. ದೋಣಿಯಲ್ಲಿ ಎದ್ದು ನಿಲ್ಲಬೇಡಿ. ನನ್ನ ಮಾತು ಮಾತ್ರ ಕೇಳಿ, ಬೇರೆ ಯಾರದೂ ಅಲ್ಲ.

ಅವಳು ಹೀಗೆ ಹೇಳುತ್ತಿದ್ದಾಗ ಅಂಬಪ್ಪ ಕಲ್ಲನ್ನು ದೋಣಿಗೆ ತಂದ. ಹಿಂದಿನ ಗೂಡು ನೋಡಿದ. ಅಲ್ಲಿ ನೀರಿನ ಬಾಟಲಿ, ಊಟದ ಡಬ್ಬಿ ತುರುಕಿದ್ದರು. ಗಂಗವ್ವನನ್ನು ಎಂಜಲು ಡಬ್ಬಿಗಳ ನಡುವೆ ಇಡಲು ಅವನಿಗೆ ಮನಸ್ಸಾಗಲಿಲ್ಲ. ನಡುವೆ, ಮುಂದಿನ ಆಸನದ ಬೆನ್ನಿಗೆ, ಜಾಗವಿತ್ತು. ಅಲ್ಲಿ ಇಟ್ಟ. ಕಟ್ಟದ ಕಲ್ಲು ಕಳೆದುಹೋದ ಕಲ್ಲು ಎಂದು ಅವನಪ್ಪ ಹೇಳುತ್ತಿದ್ದ. ದೋಣಿಯ ಬಲಮಗ್ಗುಲಿಗೆ, ನಟ್ಟನಡುವೆ, ಎತ್ತುವುದಕ್ಕೊಂದು ಹಿಡಿಕೆ ಇತ್ತು. ಹಗ್ಗದ ತುದಿಯನ್ನು ಅದಕ್ಕೆ ಅಂಬಿಗರ ಗಂಟು ಹಾಕಿ ಬಿಗಿದ. ಎಳೆದಷ್ಟೂ ಬಿಗಿಯುವ ಗಂಟು ಅದು.

ಹರಗೋಲು ಬುಟ್ಟಿಯಂತೆ ದುಂಡಗೆ. ಅದಕ್ಕೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಹಗ್ಗ ಎಲ್ಲಿ ಕಟ್ಟಿದರೂ ಒಂದೇ. ಐವತ್ತು ವರ್ಷ ಕಟ್ಟಿದ ಕೈ ಹಾಗೆಯೇ ಕಟ್ಟಿತು. ಅದರಲ್ಲಿ ಯೋಚಿಸುವುದೇನಿದೆ ಎಂದು ಅವನು ಯೋಚಿಸಲೂ ಇಲ್ಲ. ತೆಂಗಿನಕಾಯಿ ಒಡೆದು, ನೀರನ್ನು ದೋಣಿಯ ಮೂತಿಗೆ ಚಿಮುಕಿಸಿ, "ತಾಯಿ, ಒಬ್ಬನ್ನ ಒಯ್ದಿ. ಸಾಕು," ಎಂದು ಮನಸ್ಸಿನಲ್ಲೇ ಕೈ ಮುಗಿದ.

ದೋಣಿ ನೀರಿಗಿಳಿಯಿತು. ಮುಂದೆ ವೀರೇಂದ್ರ, ಹಿಂದೆ ಭಾರತಿ. ಕಲ್ಲು ನಡುವೆ ಇರುವುದನ್ನು ಅವಳು ಕಂಡಳು; ಗೇಟು ಎತ್ತುವ ಹೊತ್ತಾಗಿತ್ತು, ಹಾಗೆಯೇ ಬಿಟ್ಟಳು. ಎರಡು ಕಡೆಗೂ ಅಲಗಿರುವ ಹುಟ್ಟನ್ನು ಅವಳು ಆಚೆಗೊಮ್ಮೆ ಈಚೆಗೊಮ್ಮೆ ಹಾಕುತ್ತ ಹೋದಳು. ಸದ್ದೇ ಇರಲಿಲ್ಲ.

"ನೋಡು ಕಾಕಾ, ಹೆಂಗ ಹೊಂಟಾಳ! ಬಾತುಕೋಳಿ!" ಎಂದ ಹುಸೇನಬಾಷಾ. "ನೀ ಯಾಕ ಹಂಗ ನಡಗಾಕತ್ತಿ? ಚಹಾ ಕುಡಿ."

"ಗಾಳಿ," ಎಂದ ಅಂಬಪ್ಪ.

ಒಂಬತ್ತಕ್ಕೆ ಗೇಟು ಕಾಯುವ ಕರಿಬಸಪ್ಪ ಚಕ್ರ ತಿರುವಿದ. ಮೊದಲು ಒಣ ಇಳಿಜಾರಿನ ಮೇಲೆ ಹಾವಿನಂತೆ ಒಂದು ನೀರಿನ ನಾಲಗೆ ಬಂತು. ಅದರ ಹಿಂದೆ ಕಸ, ನೊರೆ, ಕೆಂಪು ನೀರು ಮೊಳದೆತ್ತರ ಎದ್ದು ಬಂದು ಕೆರೆಗೆ ಬಿತ್ತು. ಏರಿಯ ಕಲ್ಲು ಕಾಲಡಿ ನಡುಗಿತು. ಅಂಬಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಭಾರತಿ ತಿಳಿದವಳು. ಬೀಳುವ ನೀರಿನ ಹಾದಿಗೆ ಹೋಗದೆ, ಅದರ ಬಗಲಿಗೆ ನೀರು ಮೆಲ್ಲಗೆ ಹಿಂತಿರುಗುವ ಜಾಗದಲ್ಲಿ ದೋಣಿಯನ್ನು ಹುಟ್ಟಿನಿಂದಲೇ ನಿಲ್ಲಿಸಿಕೊಂಡಿದ್ದಳು. ಕೆಂಪು ನೀರೂ ತಿಳಿನೀರೂ ಕೂಡುವ ಗೆರೆಗೆ ವೀರೇಂದ್ರ ಗಾಳ ಬಿಟ್ಟ. ಬಿಟ್ಟ ಎರಡನೆಯ ಸಲಕ್ಕೇ ಕೋಲು ಬಾಗಿ ಅದರ ತುದಿ ನೀರನ್ನು ಮುಟ್ಟಿತು.

"ಹತ್ತಿತು! ಹತ್ತಿತು!" ಎಂದು ಹುಸೇನಬಾಷಾ ಕುಣಿದ. "ಸರ, ಬಿಡಬ್ಯಾಡ್ರಿ! ದಾರ ಬಿಡ್ರಿ, ಕೋಲು ಬಿಡಬ್ಯಾಡ್ರಿ!"

ಮೀನು ದೊಡ್ಡದು. ಅದು ನೇರ ಕೆಂಪು ನೀರಿಗೆ ಓಡಿತು. ಕಯಾಕ್ ಹಗುರ, ಮೀನಿನ ಹಿಂದೆ ಅದರ ಮೂತಿಯೂ ತಿರುಗಿತು. ಒಂದು ಮಾರು, ಎರಡು ಮಾರು. "ಸಡಿಲ ಬಿಡ್ರಿ ಸರ್, ಎಳೀಬ್ಯಾಡ್ರಿ," ಎಂದು ಭಾರತಿ ಸಮಾಧಾನದಿಂದ ಹೇಳುತ್ತಿದ್ದಳು. ಅವಳು ಹುಟ್ಟು ಹಿಂದಕ್ಕೆ ಹಾಕುತ್ತಿದ್ದಳು. ಇನ್ನು ನಾಲ್ಕು ಸಲ ಹಾಕಿದ್ದರೆ ದೋಣಿ ಹಿಂದೆ ಸರಿಯುತ್ತಿತ್ತು.

ಅಂಬಪ್ಪನಿಗೆ ಅದು ಕಾಣಿಸಲಿಲ್ಲ. ಅವನಿಗೆ ಕಂಡದ್ದು ಕೆಂಪು ನೀರು, ಅದರ ಕಡೆಗೆ ಹೊರಟ ಮಗಳು. ಸೆಳವು ಹಿಡಿದ ಹರಗೋಲನ್ನು ನಿಲ್ಲಿಸುವುದಕ್ಕೆ ಒಂದೇ ದಾರಿ. ಹತ್ತು ಸಲ ಅವನ ಜೀವ ಉಳಿದದ್ದು ಆ ದಾರಿಯಿಂದಲೇ. ತಡೆಯಲಾಗಲಿಲ್ಲ. ಹೊಳೆಯ ಈ ದಡದಿಂದ ಆ ದಡಕ್ಕೆ ಕೂಗುವ ಅಂಬಿಗರ ಗಂಟಲಿನಲ್ಲಿ ಕೂಗಿದ:

"ಕಲ್ಲು ಹಾಕ್ರಿ! ಸಾಹೇಬ್ರ, ಕಲ್ಲು ಹಾಕ್ರಿ!"

ಏರಿಯ ಆ ತುದಿಗೆ ಓಡಿ ತಾನೂ ಒದರುತ್ತಿದ್ದ ಹುಸೇನಬಾಷಾನಿಗೆ ಅದು ಕೇಳಿಸಲಿಲ್ಲ; ಬೀಳುವ ನೀರಿನ ಸದ್ದಿನಲ್ಲಿ ಭಾರತಿಗೂ ದನಿಯ ಗುರುತು ಸಿಗಲಿಲ್ಲ. ವೀರೇಂದ್ರ ಆಗಲೇ ಗಾಬರಿಯಾಗಿದ್ದ. ಯಾರ ದನಿಯೆಂದು ನೋಡಲಿಲ್ಲ. ಕೋಲು ಬಿಟ್ಟು, ಹಿಂದಕ್ಕೆ ತಿರುಗಿ, ಕಲ್ಲನ್ನು ಎರಡೂ ಕೈಯಿಂದ ಎತ್ತಿ ನೀರಿಗೆ ಹಾಕಿದ. "ಬ್ಯಾಡ!" ಎಂದು ಭಾರತಿ ಚೀರಿದ್ದೂ, ಹಗ್ಗ ಸರ್ರನೆ ಓಡಿದ್ದೂ ಒಂದೇ ಸಲ.

ಕಲ್ಲು ತಳ ಹಿಡಿಯಿತು. ಹಗ್ಗ ಬಿಗಿಯಿತು. ನಡುವಿಗೆ ಕಟ್ಟಿದ ಹಗ್ಗ ಆ ಉದ್ದನೆಯ ದೋಣಿಯನ್ನು ಸೆಳವಿಗೆ ಅಡ್ಡ ನಿಲ್ಲಿಸಿತು. ಕೆಂಪು ನೀರು ಅದರ ಮಗ್ಗುಲಿಗೆ ಬಂದು ಬಡಿದು, ಅಂಚು ಹತ್ತಿ, ಒಳಗೆ ನುಗ್ಗಿತು. ಹರಗೋಲಾಗಿದ್ದರೆ ಗಿರ್ರನೆ ಒಂದು ಸುತ್ತು ಸುತ್ತಿ ನಿಲ್ಲುತ್ತಿತ್ತು. ಇದು ಸುತ್ತಲಿಲ್ಲ. ಹಳದಿ ಹೊಟ್ಟೆ ಮೇಲಾಗಿ ಮಗುಚಿತು.

ಮೊದಲು ಮೇಲೆ ಬಂದದ್ದು ವೀರೇಂದ್ರನ ತಲೆ. ಸೆಳವು ಅವನನ್ನು ಎತ್ತಿಕೊಂಡು ಆಚೆ ದಡದ ಜೊಂಡಿನ ಕಡೆಗೆ ಒಯ್ಯಿತು. ಬೆನ್ನ ಮೇಲೆ ತೇಲುತ್ತ, ಕಾಲು ಮುಂದಿಟ್ಟುಕೊಂಡು, ಹೇಳಿಸಿಕೊಂಡಂತೆಯೇ ಹೋದ. ಭಾರತಿಯ ತಲೆ ದೋಣಿಯ ಪಕ್ಕದಲ್ಲೇ ಎದ್ದಿತು. ಎದ್ದದ್ದು ಹೋಗಲಿಲ್ಲ. ಅಲ್ಲೇ ಮುಳುಗಿತು. ಮತ್ತೆ ಎದ್ದಿತು. ಮತ್ತೆ ಮುಳುಗಿತು.

ಅಂಬಪ್ಪನಿಗೆ ತಿಳಿಯಿತು. ಹಗ್ಗ ಕಾಲಿಗೆ ಸುತ್ತಿದೆ.

"ಗೇಟು! ಗೇಟು ಇಳಿಸಲಾ ಕರಿಬಸಪ್ಪಾ!" ಎಂದು ಒದರುತ್ತ ಹುಸೇನಬಾಷಾ ಗೇಟಿನತ್ತ ಓಡಿದ. ಗೇಟು ಇಳಿಯುವುದಕ್ಕೆ ಇಪ್ಪತ್ತು ಸುತ್ತು ಬೇಕು. ಇಳಿದರೂ ಇಳಿಜಾರಿನಲ್ಲಿರುವ ನೀರು ಬಂದೇ ಬರುತ್ತದೆ. ಅಷ್ಟು ಹೊತ್ತು ಮನುಷ್ಯನ ಉಸಿರು ನಿಲ್ಲುವುದಿಲ್ಲ. ಅದು ಅಂಬಪ್ಪನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತು?

ಏರಿಯ ಬುಡದಲ್ಲಿ ಜಂಗ್ಲಿಸಾಬನ ಹರಗೋಲು ಬೋರಲು ಬಿದ್ದಿತ್ತು, ಪಕ್ಕದಲ್ಲಿ ಹುಟ್ಟು. ಅದು ಅಂಬಪ್ಪ ಕೊಟ್ಟ ಹರಗೋಲೇ. ಅವನ ಕಾಲು ಅತ್ತ ನಡೆಯಲಿಲ್ಲ. ನಿಜವನ್ನೇ ಹೇಳಬೇಕೆಂದರೆ, ಒಂದು ಗಳಿಗೆ ಅವನು ಅಲ್ಲೇ ನಿಂತ. ನೀರಿನ ಮೇಲೆ ಒಂದು ಕೈ ಎದ್ದಿತು. ಅದು ಯಾರನ್ನೂ ಕರೆಯಲಿಲ್ಲ. ಸುಮ್ಮನೆ ಗಾಳಿಯನ್ನು ಹಿಡಿದು ಬಿಟ್ಟಿತು.

ಆಮೇಲೆ ಹರಗೋಲನ್ನು ಹೇಗೆ ಮಗುಚಿದ, ಹೇಗೆ ತಲೆಯ ಮೇಲೆ ಹೊತ್ತು ಇಳಿಜಾರಿನ ಹತ್ತಿರಕ್ಕೆ ಓಡಿದ ಎಂದು ಅವನಿಗೆ ಎಂದಿಗೂ ನೆನಪಾಗಲಿಲ್ಲ. ಬೀಳುವ ನೀರಿನ ಮೇಲುಗಡೆಯೇ ಇಳಿಸಬೇಕು, ಹಾಗಾದರೆ ನೀರೇ ಅವಳ ಹತ್ತಿರ ಒಯ್ಯುತ್ತದೆ ಎಂಬುದು ಮಾತ್ರ ಕೈಗೆ ಗೊತ್ತಿತ್ತು. ಹರಗೋಲು ನೀರನ್ನು ಮುಟ್ಟಿದ ಕೂಡಲೇ ಬುಗುರಿಯಂತೆ ತಿರುಗಿತು. ಅವನು ಮೊಣಕಾಲೂರಿ, ಹುಟ್ಟನ್ನು ಎದೆಯ ಕಡೆಗೆ ಎಳೆದ. ಏರಿ, ಆಕಾಶ, ಗೇಟು, ಹಳದಿ ದೋಣಿ, ಮತ್ತೆ ಏರಿ. ಕೆಂಪು ನೀರು ಬಾಯಿಗೆ ಹೊಕ್ಕಿತು. "ಯವ್ವಾ, ಯವ್ವಾ," ಎನ್ನುತ್ತಿದ್ದ. ಮಗಳನ್ನೋ ಗಂಗೆಯನ್ನೋ ತಿಳಿಯದು.

ಹರಗೋಲು ಕಯಾಕಿಗೆ ಬಡಿಯಿತು. ಅವನು ಅದರ ಅಂಚು ಹಿಡಿದುಕೊಂಡ. ಭಾರತಿಯ ಮುಖ ಗೇಣು ದೂರದಲ್ಲಿ ಮೇಲೆ ಬಂತು. ಕಣ್ಣು ತೆರೆದಿದ್ದವು.

"ಕಾಲು," ಎಂದಳು. ಅಷ್ಟೇ. ಮುಳುಗಿದಳು.

ಹರಗೋಲಿನೊಳಗೆ ಜಂಗ್ಲಿಸಾಬ ಜೊಂಡು ಕೊಯ್ಯಲು ಬಿದಿರಿನ ಹೆಣಿಗೆಗೆ ಸಿಕ್ಕಿಸಿಟ್ಟ ಕುಡಗೋಲಿತ್ತು. ಅಂಬಪ್ಪ ಅದನ್ನು ತೆಗೆದುಕೊಂಡು, ಹಿಡಿಕೆಯ ಹತ್ತಿರ ತಂತಿಯಂತೆ ಬಿಗಿದಿದ್ದ ಹಗ್ಗಕ್ಕೆ ಹಚ್ಚಿದ. ಹಚ್ಚಿದವನು ನಿಂತ. ಇಲ್ಲಿ ಕೊಯ್ದರೆ ದೋಣಿ ಬಿಡುತ್ತದೆ, ಮಗಳು ಬಿಡುವುದಿಲ್ಲ. ಹತ್ತು ಕಿಲೋ ಕಲ್ಲು ಅವಳ ಕಾಲಿನಲ್ಲೇ ಉಳಿಯುತ್ತದೆ. ಈಗ ದೋಣಿಯಾದರೂ ಅವಳನ್ನು ಮೇಲೆ ಎತ್ತಿ ಹಿಡಿದಿದೆ. ಕೊಯ್ಯಬೇಕಾದದ್ದು ಕಾಲಿನ ಕೆಳಗೆ, ನೀರಿನ ಒಳಗೆ.

ಮಗನನ್ನು ಎತ್ತಿದ ಮೇಲೆ ಆ ನೀರಿಗೆ ಅವನು ಬೆರಳು ಕೂಡ ಅದ್ದಿರಲಿಲ್ಲ. ಈಗ ಎದೆಯವರೆಗೆ ಹರಗೋಲಿನಿಂದ ಹೊರಗೆ ಬಾಗಿ, ಮುಖ ಮುಳುಗಿಸಿದ. ಕಣ್ಣಿಗೆ ಕೆಂಪು ಬಿಟ್ಟರೆ ಏನೂ ಇಲ್ಲ. ಕೈ ಅವಳ ಸೊಂಟಕ್ಕೆ ತಾಗಿತು, ತೊಡೆಗೆ, ಮೊಣಕಾಲಿಗೆ, ಪಾದದ ಮೇಲಿನ ಹರಡಿಗೆ. ಅಲ್ಲಿ ಹಗ್ಗ ಎರಡು ಸುತ್ತು ಮಾಂಸದೊಳಗೆ ಇಳಿದಿತ್ತು. ಅದರ ಕೆಳಗೆ ಕಲ್ಲಿನ ಕಡೆಗೆ ಹೋಗುವ ಹಗ್ಗ ಜುಮ್ಮೆಂದು ನಡುಗುತ್ತಿತ್ತು.

ಅಜ್ಜನ ಕಲ್ಲು ಅದು. ಮೂರು ತಲೆಮಾರು ಅದರ ಹಗ್ಗವನ್ನು ಹೆಣೆದಿದ್ದಾರೆಯೇ ಹೊರತು ಯಾರೂ ಕೊಯ್ದಿರಲಿಲ್ಲ. ಕೊಯ್ದವನ ಮನೆ ಗಂಗವ್ವನಿಗೆ ಹೊರಗಾಗುತ್ತದೆ ಎಂದು ಹಿರಿಯರ ಮಾತು. ಆ ಮಾತು ಆ ಹೊತ್ತಿನಲ್ಲೂ ಅವನ ಮನಸ್ಸಿಗೆ ಬಾರದೆ ಇರಲಿಲ್ಲ. ಬಂತು, ಕುಡಗೋಲಿನ ಹಲ್ಲು ಹಗ್ಗದ ಮೇಲೆ ಒಂದು ಕ್ಷಣ ನಿಂತಿತು. ಅವಳ ಕಾಲು ಅವನ ಕೈಯಲ್ಲಿ ಒಮ್ಮೆ ಒದ್ದುಕೊಂಡು ಸಡಿಲಾಯಿತು.

ಅವನು ಕೊಯ್ದ. ಒಂದು ಎಳೆ, ಎರಡು ಎಳೆ. ಎಳೆದ ರಭಸಕ್ಕೆ ಕುಡಗೋಲು ಜಾರಿ ಅವಳ ಮೀನಖಂಡಕ್ಕೂ ತಾಗಿತು. ಹಗ್ಗ ಟಪ್ಪನೆ ಹರಿಯಿತು. ಕಯಾಕು, ಹರಗೋಲು, ಮಗಳು, ತಂದೆ ಎಲ್ಲ ಒಂದೇ ಮುದ್ದೆಯಾಗಿ ಸೆಳವಿನ ಜೊತೆ ಹೊರಟರು. ಅವಳ ಜಾಕೆಟ್ಟಿನ ಪಟ್ಟಿಯನ್ನು ಅವನು ಹಿಡಿದಿದ್ದ. ಕೈ ಕಿತ್ತು ಬಂದರೂ ಪಟ್ಟಿ ಬಿಡುವುದಿಲ್ಲವೆಂಬಂತೆ ಹಿಡಿದಿದ್ದ. ಆಚೆ ದಡದ ಹತ್ತಿರ ಹರಗೋಲು ಕಲ್ಲಿಗೆ ಬಡಿದು ಬಿದಿರು ಮುರಿದು ಹರಿದುಹೋಯಿತು. ಆಗ ಅವನ ಕಾಲಿಗೆ ಕೆಸರು ಸಿಕ್ಕಿತು.

ವೀರೇಂದ್ರ ಜೊಂಡಿನೊಳಗಿಂದ ತೆವಳಿಕೊಂಡು ಬಂದು ಕೈಕೊಟ್ಟ. ಇಬ್ಬರೂ ಅವಳನ್ನು ದಡಕ್ಕೆ ಎಳೆದು ಮಗ್ಗುಲಾಗಿ ಮಲಗಿಸಿದರು. ಅಂಬಪ್ಪ ಅವಳ ಬೆನ್ನಿಗೆ ಗುದ್ದಿದ. ಒಮ್ಮೆ, ಎರಡು ಸಲ. ಏನೂ ಇಲ್ಲ. ಅವನು ಎಣಿಸಲಿಲ್ಲ, ದೇವರನ್ನು ಕರೆಯಲಿಲ್ಲ, ಗುದ್ದುತ್ತಲೇ ಇದ್ದ. ಕೊನೆಗೆ ಬಾಯಿಂದ ಕೆಂಪು ನೀರು ಹೊರಬಂತು. ಅದರ ಹಿಂದೆ ಕೆಮ್ಮು. ಕೆಮ್ಮಿನ ಹಿಂದೆ, ಹುಟ್ಟಿದ ಕೂಸಿನಂಥ ಒಂದು ದೊಡ್ಡ ಉಸಿರು.

ಅಂಬಪ್ಪ ಕೆಸರಿನಲ್ಲಿ ಕುಳಿತ. ತನ್ನ ರುಮಾಲು ಹರಿದು ಮಗಳ ಕಾಲಿಗೆ ಕಟ್ಟಲು ಹೋದ. ಬೆರಳು ಗಂಟು ಹಾಕಲಿಲ್ಲ. ವೀರೇಂದ್ರ ಕಟ್ಟಿದ.

ಅಷ್ಟರಲ್ಲಿ ಗೇಟು ಇಳಿದು ನೀರು ಸುಮ್ಮನಾಗಿತ್ತು. ಆಚೆ ಏರಿಯಿಂದ ಹುಸೇನಬಾಷಾ ಜಾಲಿಗಂಟಿಗಳ ನಡುವೆ ಹಾಯ್ದು, ಅಂಗಿ ಹರಿದುಕೊಂಡು, ಏದುಸಿರು ಬಿಡುತ್ತ ಬಂದ. ಭಾರತಿ ಎದ್ದು ಕೂತದ್ದು ಕಂಡು ಒಂದು ಸಲ ಮುಗಿಲು ನೋಡಿ, ಎರಡೂ ಕೈಯಿಂದ ಮುಖ ಒರೆಸಿಕೊಂಡ. ಅಂಜಿಕೆ ಇಳಿದ ಮೇಲೆ ಸಿಟ್ಟು ಹತ್ತಿತು.

"ಅಲ್ರೀ ಸರ, ಕಲ್ಲು ಯಾಕ ಹಾಕಿದ್ರಿ? ಓದಿದವ್ರು ನೀವು! ಅಕಿ ಮಾತು ಬಿಟ್ಟು ಬ್ಯಾರೆ ಏನೂ ಮಾಡಬ್ಯಾಡ್ರಿ ಅಂತ ಹೇಳಿಲ್ಲೇನು?"

ವೀರೇಂದ್ರ ತಲೆ ತಗ್ಗಿಸಿದ. "ತಪ್ಪಾತ್ರಿ. ಯಾರೋ ಹಾಕ್ರಿ ಅಂದಂಗಾತು... ಯಾರೂ ಅಂದಿರಲಿಕ್ಕಿಲ್ಲ. ಅಂಜಿ ನಾನ ಹಾಕಿರಬೇಕು. ಮೇಡಂ, ನನ್ನಿಂದ ನಿಮ್ಮ ಜೀವ..."

"ನಂದೂ ತಪ್ಪೈತ್ರಿ ಸರ್," ಎಂದಳು ಭಾರತಿ. ದನಿ ಒಣ ಎಲೆ ತಿಕ್ಕಿದಂತಿತ್ತು. "ಆ ಕಲ್ಲು ನಾ ತರಬಾರದಿತ್ತು. ಎಲ್ಲಿ ಕಟ್ಯಾರಂತ ನೋಡಬೇಕಿತ್ತು."

ಅಂಬಪ್ಪ ಸುಮ್ಮನಿದ್ದರೆ ಆಗುತ್ತಿತ್ತು. ಸಾಹೇಬರು ಲಿಂಗಸುಗೂರಿಗೆ ಹೋಗುತ್ತಾರೆ, ಮಾತು ಅವರೊಂದಿಗೆ ಹೋಗುತ್ತದೆ. ಮಗಳ ಕಣ್ಣಿನಲ್ಲಿ ತಂದೆ ಅವಳನ್ನು ಉಳಿಸಿದವನಾಗಿ ಉಳಿಯುತ್ತಾನೆ. ಅವಳು ಮತ್ತೆ ನೀರಿಗೆ ಇಳಿಯಬೇಡ ಎನ್ನುವುದಕ್ಕೂ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ಆ ಮಾತು ನಾಲಗೆಯ ತುದಿಗೂ ಬಂದಿತ್ತು. ನೀರಿನದಕ್ಕಿಂತ ದೊಡ್ಡ ಅಂಜಿಕೆಯೊಂದು ಅವನನ್ನು ಹಿಡಿಯಿತು: ಹೇಳಿದರೆ ಈ ಹುಡುಗಿ ತನ್ನನ್ನು ಹೇಗೆ ನೋಡಿಯಾಳು?

"ಸಾಹೇಬ್ರದು ತಪ್ಪಿಲ್ಲ," ಎಂದ. "ನಾ ಕಟ್ಟಿದ್ದು. ನಡುವಿಗೆ ಕಟ್ಟಿದ್ದು ನಾ. ಕಲ್ಲು ಹಾಕ್ರಿ ಅಂತ ಒದರಿದ್ದೂ ನಾನ."

ಭಾರತಿ ತಂದೆಯ ಕಡೆ ಮುಖ ಎತ್ತಿದಳು. ಅವಳ ಮುಖದಲ್ಲಿ ಸಿಟ್ಟು ಎದ್ದದ್ದನ್ನು ಅವನು ಕಂಡ. ಅದು ಬರಲಿ ಎಂದು ಕಾದ.

"ಹರಗೋಲಿಗೆ ಕಟ್ಟಿದಂಗ ಕಟ್ಟಿದಿ," ಎಂದಳು.

"ಹೌದವ್ವ."

"ಇದಕ್ಕ ತಲಿ ಐತಿ, ಬಾಲ ಐತಿ ಯಪ್ಪಾ. ಕಟ್ಟಿದರ ಬಾಲಕ್ಕ ಕಟ್ಟಬೇಕು. ಇಲ್ಲಂದ್ರ ನೀರು ಅಡ್ಡ ಹಾಕಿ ಮಗುಚತದ. ಮೊದಲನೇ ದಿನಾನ ಇದನ್ನ ಕಲಿಸಿದ್ರು ನಮಗ."

"ನನಗ ಗೊತ್ತಿರಲಿಲ್ಲ."

"ಕೇಳಲಿಲ್ಲ ನೀ. ಒಂದು ದಿನಾನೂ ಕೇಳಲಿಲ್ಲ. ಅಂಜಿಕೊಂತ ಗಿರಣ್ಯಾಗ ಕುಂತಿ." ಅವಳಿಗೆ ಅಳು ಬಂತು, ಕೆಮ್ಮಿನಲ್ಲಿ ಅದನ್ನು ನುಂಗಿದಳು. "ನಾನೂ ಅಂಜತೀನಿ. ಅಲ್ಲಿಗೆ ಹೋದಾಗೊಮ್ಮೆ ಅಣ್ಣ ಕಾಣ್ತಾನ ನನಗ. ಅಂಜಿಕೊಂಡ ಹೋಗ್ತೀನಿ, ತಿಳೀತಾ?"

ಮಗಳು ಅಂಜುವುದಿಲ್ಲವೆಂದೇ ಅವನು ಎರಡು ವರ್ಷ ತಿಳಿದಿದ್ದ.

ಹೊತ್ತು ಏರುತ್ತಿತ್ತು. ಕಾಲಿನ ಗಾಯಕ್ಕೆ ಹೊಲಿಗೆ ಬೇಕಿತ್ತು. ಆ ದಡದಿಂದ ಏರಿಗೆ ದಾರಿಯಿಲ್ಲ. ಜಾಲಿಗಂಟಿ, ಕೆಸರು, ಮೂರು ಕಿಲೋಮೀಟರು ಸುತ್ತು. ಹೊತ್ತುಕೊಂಡು ಹೋಗುವುದೂ ಆಗುವಂತಿರಲಿಲ್ಲ. ಹರಗೋಲು ಚೂರಾಗಿತ್ತು. ಕಯಾಕು ಮಾತ್ರ ಜೊಂಡಿನಲ್ಲಿ ಸಿಕ್ಕಿಕೊಂಡು ಹಾಗೆಯೇ ಇತ್ತು, ಒಂದು ಗೀರೂ ಇಲ್ಲದೆ. ಹುಸೇನಬಾಷಾ ಅದರ ನೀರು ಚೆಲ್ಲಿ, ನೇರ ಮಾಡಿ, ಹುಟ್ಟನ್ನೂ ಹುಡುಕಿ ತಂದ.

"ನಾ ಹೋಗಿ ಅಕಿನ್ನ ದಾಟಸ್ತೀನಿ," ಎಂದ.

"ಅಣ್ಣಾ, ನಿನ್ನ ಭಾರಕ್ಕ ಮೂತಿ ಮುಗಿಲಿಗೆ ಹೋಗತದ," ಎಂದಳು ಭಾರತಿ. ಅಷ್ಟು ಹೊತ್ತಿನ ಮೇಲೆ ಎಲ್ಲರೂ ಒಂದಿಷ್ಟು ನಕ್ಕರು. ನಕ್ಕ ಮೇಲೆ ಅವಳು ತಂದೆಯ ಕಡೆ ತಿರುಗಿದಳು. "ಯಪ್ಪಾ, ನೀ ಬಾ."

ಅಂಬಪ್ಪ ನೀರು ನೋಡಿದ. ಕೆಂಪಾಗಿತ್ತು, ನಿಂತಿತ್ತು. ಅದರ ತಳದಲ್ಲಿ ಎಲ್ಲಿಯೋ ಅವನ ಮನೆಯ ಗಂಗವ್ವ ಕುಳಿತಿದ್ದಳು. ಇನ್ನು ಅಲ್ಲೇ ಕುಳಿತಿರುತ್ತಾಳೆ. ಹೊರಗಾದೆವೋ ಒಳಗಾದೆವೋ ಅವಳೇ ಬಲ್ಲಳು. ಅವನು ಬಾಗಿ ಎರಡು ಬೆರಳು ನೀರಿಗೆ ಮುಟ್ಟಿಸಿ ಹಣೆಗೆ ಹಚ್ಚಿಕೊಂಡ. ವೀರೇಂದ್ರ ತನ್ನ ಜಾಕೆಟ್ ಬಿಚ್ಚಿ ಅವನಿಗೆ ತೊಡಿಸಿದ.

ಭಾರತಿಯನ್ನು ಎತ್ತಿ ಹಿಂದೆ ಕೂರಿಸಿದರು. ಅಂಬಪ್ಪ ಮುಂದೆ ಹೆಜ್ಜೆ ಇಟ್ಟ. ದೋಣಿ ಅಲ್ಲಾಡಿತು. ಹಳೆಯ ರೂಢಿಯಂತೆ ಮೊಣಕಾಲೂರಲು ಹೋದ.

"ಹಂಗಲ್ಲ. ಕುಂದ್ರು. ಕಾಲು ಚಾಚು."

ಅವನು ಕುಳಿತು ಕಾಲು ಚಾಚಿದ. ಹರಗೋಲಿನಲ್ಲಿ ನೀರು ಕೆಳಗಿರುತ್ತದೆ. ಇಲ್ಲಿ ಎರಡೂ ಮಗ್ಗುಲಿಗೆ, ಸೊಂಟದ ಸಮಕ್ಕಿತ್ತು. ಅವನು ಹುಟ್ಟನ್ನು ಎರಡೂ ಕೈಯಿಂದ ಹಿಡಿದ. ಹುಸೇನಬಾಷಾ ನೂಕಿದ. ದಡ ಹಿಂದಾಯಿತು.

ಅಂಬಪ್ಪ ಹುಟ್ಟನ್ನು ಎದೆಯ ಕಡೆಗೆ ಎಳೆದ. ದೋಣಿಯ ಮೂತಿ ಹೊರಳಿತು.

"ನಾ ಹೇಳಿದಾಗ ಹಾಕು," ಎಂದಳು ಹಿಂದಿನಿಂದ. "ಎಳೀಬ್ಯಾಡ. ಮಗ್ಗುಲಿಗೆ ಹಾಕಿ ಹಿಂದಕ್ಕ ನೂಕು. ಎಡಕ್ಕ."

ಅವನು ಎಡಕ್ಕೆ ಹಾಕಿದ. ಹುಟ್ಟಿನ ಹನಿಗಳು ತೊಡೆಯ ಮೇಲೆ ಬಿದ್ದವು.

"ಈಗ ಬಲಕ್ಕ."

ಅವನು ಬಲಕ್ಕೆ ಹಾಕಿದ.